ತಿರುಗದ ತೋಪು

ನನ್ನ ಗಂಡ ಫೌಜಿನಲ್ಲಿ ಟ್ಯಾಂಕು ನಡೆಸುತ್ತಿದ್ದರು. ನೀರಲ್ಲಿ ತೇಲಿ ಆಚೆ ದಡ ಹತ್ತುವಂಥ ಹಗುರವಾದ ಟ್ಯಾಂಕು. ಬಾಂಗ್ಲಾ ಯುದ್ಧದಲ್ಲಿ ಅದರೊಳಗೆ ಕೂತೇ ಹೊಳೆ ದಾಟಿದ್ದರಂತೆ. ರಿಟೈರಾಗಿ ಮಸ್ಕಿಗೆ ಬಂದಾಗ ಟ್ರಂಕಿನಲ್ಲಿ ಅದರದೊಂದು ಮರಿ ತಂದರು. ಅಂಗೈಯುದ್ದದ ಎರಕದ ಮಾದರಿ, ಹಸಿರು ಬಣ್ಣ, ದಪ್ಪ ಹಲಗೆಗೆ ಬಿಗಿದದ್ದು. ಬೆರಳಿಂದ ದೂಡಿದರೆ ತೋಪು ಗುಂಡಗೆ ತಿರುಗುತ್ತಿತ್ತು.

ಅತ್ತೆ ನಕ್ಕರು. "ಇಷ್ಟ ವರ್ಷ ದುಡದು ಇದೊಂದು ಆಟಿಗಿ ತಂದೇನಪಾ? ಇದನ್ನ ಹೂಡಿ ಯಾವ ಹೊಲಾ ಹರಗಬೇಕು?"

"ಯವ್ವಾ, ಇದು ಹೊಳ್ಯಾಗ ಈಸತೈತಿ. ನಿನ್ನ ಎತ್ತು ಈಸತಾವೇನು?"

ತೊಂಬತ್ತನೇ ಇಸವಿಯ ಆಚೀಚೆ ಒಂದು ಬೆಳಿಗ್ಗೆ ಸಿಂಧನೂರಿನ ಬಸ್ಸಿಗೆಂದು ಹೊರಟವರು ಹೊಸ್ತಿಲಲ್ಲೇ ಕುಸಿದರು. ಲಕ್ವಾ ಹೊಡೆದಿತ್ತು. ಲಿಂಗಸುಗೂರಿನ ಡಾಕ್ಟರು, ಮುದಗಲ್ಲಿನ ಎಣ್ಣೆ ತಿಕ್ಕುವವರು ಎಲ್ಲ ಮುಗಿದ ಮೇಲೆ ಅವರಿಗೆ ಉಳಿದದ್ದು ಕಣ್ಣು ಮತ್ತು ಎಡಗೈಯ ಎರಡು ಬೆರಳು. ಮಾತು ಹೋಯಿತು. ಹೂಂ ಎಂದು ತಲೆ ಆಡಿಸುವುದೂ ಹೋಯಿತು.

ಬೆರಳಿಗಾದರೂ ಕೆಲಸವಿರಲಿ ಎಂದು ಟ್ಯಾಂಕನ್ನು ಆ ಕೈಯ ಕೆಳಗಿಟ್ಟೆ. ಒಂದು ಮಧ್ಯಾಹ್ನ ನೋಡುತ್ತೇನೆ, ತೋಪು ನೀರಿನ ಕೊಡದತ್ತ ತಿರುಗಿದೆ, ಕಣ್ಣೂ ಅಲ್ಲೇ ಇದೆ. ಚಮಚದಲ್ಲಿ ನೀರು ಹಾಕಿದೆ. ಗುಟುಕರಿಸಿದರು. ಅಂದಿನಿಂದ ಮನೆ ಆ ತೋಪು ಹೇಳಿದಂತೆ ನಡೆಯಿತು. ಒಲೆಯತ್ತ ಇದ್ದರೆ ಗಂಜಿ. ಬಾಗಿಲತ್ತ ಇದ್ದರೆ ಕದ ತೆರೆಯಬೇಕು, ಬೀದಿ ಕಾಣಬೇಕು.

ಪಕ್ಕದ ಮನೆಯಾಕೆ ಚೇಷ್ಟೆ ಮಾಡುತ್ತಿದ್ದಳು. "ಏನಬೇ, ನಿನ್ನ ಗಂಡ ಅಡಗಿಮನಿಗೆ ತೋಪು ಹಚ್ಯಾನ! ಲಗೂನ ಗಂಜಿ ಕಾಸು, ಇಲ್ಲಾಂದ್ರ ಹಾರಸತಾನ ನೋಡು."

ಅದನ್ನು ಕೇಳಿ ಇವರ ಕಣ್ಣಂಚು ನಗುತ್ತಿತ್ತು. ಒಮ್ಮೊಮ್ಮೆ ತೋಪು ನನ್ನ ಕಡೆಗೇ ಇರುತ್ತಿತ್ತು. ಆಗ ಕೈಯೊಳಗಿನ ಕೆಲಸ ಬಿಟ್ಟು ಹೋಗಿ ಪಕ್ಕದಲ್ಲಿ ಕೂಡುತ್ತಿದ್ದೆ.

ನಮ್ಮಲ್ಲಿ ಮಾನವಮಿಗೆ ಖಂಡೆ ಪೂಜೆ. ಮನೆಯ ಕುಡಗೋಲು, ಕೊಡಲಿ ಎಲ್ಲ ತೊಳೆದು ದೇವರ ಜಗಲಿಯ ಮುಂದೆ ಇಡುತ್ತೇವೆ. ಇಟ್ಟದ್ದನ್ನು ಮರುದಿನ ಬನ್ನಿ ಮುಡಿಯುವತನಕ ಮುಟ್ಟುವಂತಿಲ್ಲ. ಆ ವರ್ಷ ನಾನು ಔಷಧಿಗೆಂದು ಸಿಂಧನೂರಿಗೆ ಹೋಗಿ ಬರುವಷ್ಟರಲ್ಲಿ ಟ್ಯಾಂಕೂ ಕುಡಗೋಲಿನ ಪಕ್ಕ ಕೂತಿತ್ತು. ಅತ್ತೆ ಅದನ್ನು ತಾಮ್ರದ ಕೊಡದ ಜೊತೆ ಹುಣಸೆಹುಳಿಯಲ್ಲಿ ನೆನೆಯಿಟ್ಟು, ಬೂದಿ ಹಚ್ಚಿ ತಿಕ್ಕಿದ್ದರು. ಹಸಿರೆಲ್ಲ ಎದ್ದುಹೋಗಿ, ಬೂದು ಲೋಹದ ಮೇಲೆ ವಿಭೂತಿಯ ಮೂರು ಗೆರೆ.

"ಅದನ್ಯಾಕ ತಗೊಂಡ್ರಿ ಅತ್ತಿ? ಅದು ಅವರ ಬಾಯಿ!"

"ನನ್ನ ಮಗನ ಆಯುಧ ಅಲ್ಲೇನು? ಎಲ್ಲಾರ ಆಯುಧಕ್ಕ ಪೂಜಿ, ಅವಂದಕ್ಕ ಬ್ಯಾಡ? ಒಂದ್ ದಿನಾ ತಡಿ. ದೇವಿ ಕಣ್ಣ ತೆರದ್ರ ಎದ್ದ ಕುಂದರತಾನ."

ಅತ್ತೆಯ ಕಣ್ಣಲ್ಲಿನ ಆಸೆ ನೋಡಿ ಟ್ಯಾಂಕನ್ನು ಅಲ್ಲೇ ಬಿಟ್ಟೆ. ಅಂದೆಲ್ಲ ಗಂಡನ ಬೆರಳು ಕೌದಿಯನ್ನು ಕೆರೆಯುತ್ತಿತ್ತು.

ಮರುದಿನ ಬನ್ನಿಯ ಎಲೆ ಸಮೇತ ಅತ್ತೆಯೇ ಅದನ್ನು ಮಗನ ಕೈಯ ಕೆಳಗಿಟ್ಟರು. ಬೆರಳು ದೂಡಿತು. ತೋಪು ತಿರುಗಲಿಲ್ಲ. ಮತ್ತೆ ದೂಡಿತು.

ಸೀಮೆಎಣ್ಣೆ ಬಿಟ್ಟೆ, ಕೊಬ್ಬರಿಎಣ್ಣೆ ಬಿಟ್ಟೆ. ಬಸ್ ಸ್ಟ್ಯಾಂಡಿನ ಗಡಿಯಾರ ರಿಪೇರಿಯವನು ಕಣ್ಣಿಗೆ ಭೂತಗನ್ನಡಿ ಏರಿಸಿ ನೋಡಿದ. "ಅಕ್ಕಾರ, ಹುಳಿ ಒಳಗಿನ ಕೀಲು ತಿಂದೈತ್ರಿ. ಜೋರು ಮಾಡಿದ್ರ ಕುತ್ತಿಗೀನ ಮುರೀತೈತಿ. ಒಯ್ರಿ."

ಪೂಜೆಗೆ ಇಡುವಾಗ ದೇವರತ್ತ ಗುರಿ ಇರಬಾರದೆಂದು ಅತ್ತೆ ತೋಪನ್ನು ಹಿಂದಕ್ಕೆ ತಿರುಗಿಸಿದ್ದರು. ಅದು ಹಾಗೆಯೇ ಕಚ್ಚಿಕೊಂಡಿತ್ತು. ಹಲಗೆಯನ್ನೇ ತಿರುಗಿಸುವ ಬಲ ಆ ಎರಡು ಬೆರಳಿಗೆ ಇರಲಿಲ್ಲ. ನಾನೇ ಕೊಡದತ್ತ, ಬಾಗಿಲತ್ತ ತಿರುಗಿಸಿ, "ಇದೇನ್ರಿ? ಇದೇನ್ರಿ?" ಎಂದು ಕೇಳುತ್ತಿದ್ದೆ. ಕಣ್ಣು ನನ್ನ ಕಡೆ ಬರುತ್ತಿರಲಿಲ್ಲ. ಕೆಲವು ದಿನ ದೂಡಿ ದೂಡಿ, ಬೆರಳು ತಾನಾಗಿ ಕೆಳಗಿಳಿಯಿತು. ಮತ್ತೆ ಏರಲಿಲ್ಲ. ಅತ್ತೆ ಮಾತ್ರ ದಿನಾ ಒಂದು ಹನಿ ಎಣ್ಣೆ ಬಿಡುತ್ತಿದ್ದರು. "ತಿರಗತೈತಿ, ತಿರಗತೈತಿ."

ಯುಗಾದಿಗೆ ಮೊದಲೇ ನನ್ನ ಗಂಡ ಹೋದರು. ಆ ಬೆಳಿಗ್ಗೆ ಚಮಚದಲ್ಲಿ ನೀರು ಹಾಕಿದೆ, ಕಟಬಾಯಿಂದ ಇಳಿಯಿತು. ಕದ ತೆರೆದೆ. ಪಕ್ಕದಲ್ಲಿ ಕೂತೆ. ಇವುಗಳಲ್ಲಿ ಅವರಿಗೆ ಬೇಕಾಗಿದ್ದದ್ದು ಯಾವುದೋ, ಯಾವುದೂ ಅಲ್ಲವೋ. ತೋಪು ಗೋಡೆಯ ಕಡೆಗಿತ್ತು. ಆ ಗೋಡೆಯಲ್ಲಿ ಸುಣ್ಣದ ಹೊರತು ಏನೂ ಇರಲಿಲ್ಲ.