ಪಟ್ಟಿ ಮಾವನೂ ಆರು ವರ್ಷ ನಡೆಯದ ಪಂದ್ಯವೂ

ನನ್ನ ಸೋದರಮಾವ ಈವರೆಗೆ ಯಾರಿಗೂ ಒಂದು ಏಟು ಹೊಡೆದವರಲ್ಲ. ನನಗೂ ಹೊಡೆದಿಲ್ಲ. ಹೊಡೆಯಬೇಕಾದ ಸಂದರ್ಭಗಳು ಬೇಕಾದಷ್ಟಿದ್ದವು ಎಂದು ಅಮ್ಮ ಈಗಲೂ ಹೇಳುತ್ತಾಳೆ. ಆದರೂ ಮೂವತ್ತೆಂಟು ವರ್ಷ ಅವರ ಹೊಟ್ಟೆಪಾಡು ನಡೆದದ್ದು ಹೊಡೆದಾಟದ ಮೇಲೆಯೇ. ನಮ್ಮೂರಿನ ಬಾಕ್ಸಿಂಗ್ ಹಾಲಿನಲ್ಲಿ ಪಂದ್ಯಕ್ಕೆ ಮುಂಚೆ ಆಟಗಾರರ ಕೈಗೆ ಬಟ್ಟೆಯ ಪಟ್ಟಿ ಸುತ್ತುವುದು ಅವರ ಕೆಲಸ. ಮಣಿಕಟ್ಟಿಗೆ ಮೂರು ಸುತ್ತು, ಹೆಬ್ಬೆರಳಿಗೆ ಒಂದು, ಬೆರಳ ಸಂದಿಗಳಲ್ಲಿ ಒಂದೊಂದು, ಗೆಣ್ಣುಗಳ ಮೇಲೆ ಮಡಿಸಿದ ಹತ್ತಿಬಟ್ಟೆಯ ಮೆತ್ತೆ, ಅದರ ಮೇಲೆ ಟೇಪು. ಊರಿಗೆಲ್ಲ ಅವರು ಪಟ್ಟಿ ಮಾವ. ಸ್ವಂತ ಅಳಿಯ ನಾನೊಬ್ಬನೇ ಆದರೂ ಮಾವ ಎಂದು ಕರೆಯುವವರ ಸಾಲಿನಲ್ಲಿ ನನ್ನದು ಕೊನೆಯ ಸ್ಥಾನ.

ಈ ಕೆಲಸಕ್ಕೆ ನಮ್ಮ ಹಾಲಿನಲ್ಲಿ ಒಂದು ಕಟ್ಟುಪಾಡಿದೆ. ಒಬ್ಬನ ಕೈಗೆ ಪಟ್ಟಿ ಸುತ್ತುವಾಗ ಎದುರಾಳಿಯ ಕಡೆಯವನೊಬ್ಬ ಪಕ್ಕದಲ್ಲಿ ಕೂತು ನೋಡಬೇಕು. ಒಳಗೆ ಗಟ್ಟಿ ಸಾಮಾನೇನೂ ಸೇರಲಿಲ್ಲವೆಂದು ಖಾತ್ರಿಯಾದ ಮೇಲೆ ಟೇಪಿನ ಮೇಲೆ ಪೆನ್ನಿನಿಂದ ಸಹಿ ಹಾಕಬೇಕು. ಸಾಮಾನ್ಯವಾಗಿ ಪ್ರತಿಯೊಬ್ಬ ಆಟಗಾರನಿಗೂ ಅವನದೇ ಪಟ್ಟಿಯವನಿರುತ್ತಾನೆ. ನಮ್ಮಲ್ಲಿ ಮಾತ್ರ ಇಬ್ಬರಿಗೂ ಮಾವನೇ ಬೇಕು. ಹೆತ್ತವರನ್ನು ನಂಬದವರೂ ಮಾವನ ಮುಂದೆ ಎರಡೂ ಕೈ ಚಾಚಿ ಕೂರುತ್ತಿದ್ದರು.

ಆ ಕಾಲದಲ್ಲಿ ಊರಿಗೆ ಇಬ್ಬರು ದೊಡ್ಡ ಆಟಗಾರರಿದ್ದರು. ಒಬ್ಬ ಇಟ್ಟಿಗೆ. ನಿಂತಲ್ಲೇ ನಿಂತು ಏಟು ತಿನ್ನುತ್ತಿದ್ದ, ಹೊಡೆದವನ ಕೈ ನೋಯುತ್ತಿತ್ತು. ಇನ್ನೊಬ್ಬ ರೇಷ್ಮೆ. ಅವನು ಏಟು ಬರುವ ಮುಂಚೆಯೇ ಆ ಜಾಗ ಖಾಲಿ ಮಾಡಿರುತ್ತಿದ್ದ. ಇಬ್ಬರೂ ಎಲ್ಲರನ್ನೂ ಸೋಲಿಸಿದ್ದರು, ಒಬ್ಬರನ್ನೊಬ್ಬರು ಬಿಟ್ಟು. ಅವರಿಬ್ಬರ ಪಂದ್ಯ ಆರು ವರ್ಷದಿಂದ ‘ಇನ್ನೇನು ನಡೆಯಲಿದೆ’ ಎಂಬ ಹಂತದಲ್ಲಿತ್ತು. ಮೊದಲ ವರ್ಷ ಇಟ್ಟಿಗೆಯ ಭುಜ ಹಿಡಿದುಕೊಂಡಿತು. ಎರಡನೇ ವರ್ಷ ರೇಷ್ಮೆಯ ದವಡೆಹಲ್ಲು ನೋಯಿತು. ಮೂರನೇ ವರ್ಷ ತೂಕದ ತಕರಾರು: ಒಬ್ಬ ಇಳಿಯಲೊಲ್ಲ, ಇನ್ನೊಬ್ಬ ಏರಲೊಲ್ಲ. ನಾಲ್ಕನೇ ವರ್ಷ ಪೋಸ್ಟರಿನಲ್ಲಿ ಯಾರ ಹೆಸರು ಮೇಲೆ ಎಂಬುದು. ಐದನೇ ವರ್ಷ ಕಾರಣ ಹುಡುಕುವ ತಾಪತ್ರಯವನ್ನೂ ಯಾರೂ ತೆಗೆದುಕೊಳ್ಳಲಿಲ್ಲ.

ಊರು ಎರಡು ಪಕ್ಷವಾಗಿತ್ತು. ಕ್ಷೌರದಂಗಡಿಯಲ್ಲಿ ಕೂತವರು “ಇಬ್ಬರೂ ಪುಕ್ಕಲರು” ಎನ್ನುತ್ತಿದ್ದರು. ಚಹಾದಂಗಡಿಯಲ್ಲಿ ಕೂತವರು “ಪುಕ್ಕಲರಲ್ಲ, ತಕ್ಕ ಸಮಯ ನೋಡ್ತಿದಾರೆ” ಎನ್ನುತ್ತಿದ್ದರು. ನನಗೆ ಎರಡೂ ಸರಿ ಕಾಣುತ್ತಿದ್ದವು, ಏಕೆಂದರೆ ನಾನು ಕ್ಷೌರ ಮಾಡಿಸಿಕೊಂಡು ನೇರ ಚಹಾಕ್ಕೆ ಹೋಗುತ್ತಿದ್ದೆ. ನಾಳೆಯಿಂದ ಬೆಳಿಗ್ಗೆ ವಾಕಿಂಗ್ ಹೋಗುತ್ತೇನೆಂದು ಹನ್ನೊಂದು ವರ್ಷದಿಂದ ಹೇಳುತ್ತಿರುವ ಮನುಷ್ಯ ಈ ವಿಷಯದಲ್ಲಿ ತೀರ್ಪು ಕೊಡಬಾರದು ಎಂಬಷ್ಟು ಮರ್ಯಾದೆ ನನ್ನಲ್ಲಿನ್ನೂ ಉಳಿದಿದೆ.

ಮಾವ ಮಾತ್ರ ಚಹಾದಂಗಡಿಯ ಪಕ್ಷ. ಅವರನ್ನು ಯಾರಾದರೂ ಕೆಣಕಿದರೆ, “ಸಮಯ ಅಂತ ಒಂದಿರುತ್ತೆ ಕಣಪ್ಪಾ. ಹಣ್ಣಾಗದೆ ಕಿತ್ರೆ ಏನು ಬಂತು?” ಎಂದು ಸಿಟ್ಟಾಗುತ್ತಿದ್ದರು. ಈ ಸಿಟ್ಟಿನ ಬೇರು ಬಾಕ್ಸಿಂಗಿನಲ್ಲಿರಲಿಲ್ಲ, ಅವರ ಬಲಗಣ್ಣಿನಲ್ಲಿತ್ತು. ಆ ಕಣ್ಣಿಗೆ ಎರಡು ವರ್ಷದಿಂದ ಪೊರೆ ಬೆಳೆದಿತ್ತು. ಎಡಗಣ್ಣೂ ಅದೇ ದಾರಿ ಹಿಡಿದಿತ್ತು. ಇದು ಗೊತ್ತಿದ್ದದ್ದು ಅತ್ತೆಗೆ ಮತ್ತು ನನಗೆ. ಬಾಕ್ಸಿಂಗ್ ಹಾಲಿನವರಿಗೆ ತಿಳಿದರೆ ಮಾವನ ಪರವಾನಗಿ ಚೀಟಿ ಹೋಗುತ್ತಿತ್ತು. ಆಪರೇಷನ್ ಮಾಡಿಸಿಕೊಂಡರೆ ತೀರುವ ಸಂಗತಿ, ಆದರೆ ಕಣ್ಣಿಗೆ ಕತ್ತಿ ಎಂದರೆ ಮಾವನಿಗೆ ಕೈಕಾಲು ತಣ್ಣಗಾಗುತ್ತಿತ್ತು. ಮೂವತ್ತೆಂಟು ವರ್ಷ ಹರಿದ ಹುಬ್ಬು, ಒಡೆದ ತುಟಿ ನೋಡಿದ ಮನುಷ್ಯ.

“ದೊಡ್ಡ ಪಂದ್ಯ ಒಂದು ಮುಗೀಲಿ. ಆ ನಾಲ್ಕು ಕೈಗೆ ಪಟ್ಟಿ ಸುತ್ತಿ ಬಂದವನೇ ಆಸ್ಪತ್ರೆ ಮಂಚದ ಮೇಲೆ ಮಲಗ್ತೀನಿ” ಎನ್ನುತ್ತಿದ್ದರು.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಲೈನು ಜೋಡಿಸಿ ನಿವೃತ್ತರಾದವರು. ಯಾರ ಮಾತನ್ನಾದರೂ ನಡುವೆಯೇ ಕತ್ತರಿಸುವ ಅಭ್ಯಾಸ ಅವರಿಗೆ ನೌಕರಿಯಿಂದಲೇ ಬಂದದ್ದು. ಆಸ್ಪತ್ರೆಯ ತಾರೀಕನ್ನು ನಾಲ್ಕು ಸಲ ಗೊತ್ತುಮಾಡಿ ನಾಲ್ಕು ಸಲ ಬಿಡಿಸಿದ ಮೇಲೆ ಒಂದು ದಿನ ಅವರು ಮಾವನ ಚಹಾದ ಲೋಟವನ್ನು ಎರಡು ಗೇಣು ಈಚೆಗೆ ಸರಿಸಿಟ್ಟರು. ಮಾವನ ಕೈ ಹಳೆಯ ಜಾಗಕ್ಕೇ ಹೋಗಿ ಮೇಜು ತಡಕಾಡಿತು.

“ನೋಡ್ದೇನೋ?” ಎಂದರು ಅತ್ತೆ ನನಗೆ. “ಇವರ ಕಣ್ಣಿಗೂ ಆ ಇಬ್ಬರು ಗಂಡುಗಲಿಗಳಿಗೂ ಗಂಟು ಬಿದ್ದಿದೆ. ಆ ಗಂಟು ಮೊದಲು ಬಿಚ್ಚಬೇಕು. ಫೋನ್ ಕೊಡಿಲ್ಲಿ.”

ಮೊದಲು ಇಟ್ಟಿಗೆಗೆ ಹಚ್ಚಿದರು. “ಏನಪ್ಪಾ, ಆಡ್ತೀಯೋ ಇಲ್ವೋ?”

“ಅತ್ತೆ, ನಾನು ಯಾವತ್ತೂ ರೆಡಿ. ಅವನಿಗೇ ಧೈರ್ಯ ಇಲ್ಲ.”

“ಲೈನಲ್ಲಿರು” ಎಂದು ರೇಷ್ಮೆಗೆ ಹಚ್ಚಿದರು.

“ನಾನು ಇವತ್ತೇ ಬೇಕಾದ್ರೂ ಬರ್ತೀನತ್ತೆ. ಅವನೇ ತಪ್ಪಿಸ್ಕೊಂಡು ಓಡಾಡ್ತಿರೋದು.”

“ಸರಿ, ಅದನ್ನ ಅವನಿಗೇ ಹೇಳು” ಎಂದು ಅತ್ತೆ ಎರಡೂ ಲೈನು ಜೋಡಿಸಿದರು.

ಆರು ವರ್ಷ ಪತ್ರಿಕೆಗಳಲ್ಲಿ ಗುಡುಗಿದ ಇಬ್ಬರು ವೀರರು ಈಗ ಒಂದೇ ಲೈನಿಗೆ ಬಂದರು. ಒಬ್ಬ “ಊಟ ಆಯ್ತಾ?” ಎಂದ. ಇನ್ನೊಬ್ಬ “ಆಯ್ತು, ನಿಂದು?” ಎಂದ. ಅತ್ತೆ ನಡುವೆ ಬಾಯಿ ಹಾಕಿ, “ಬರೋ ತಿಂಗಳು ಎರಡನೇ ಶನಿವಾರ. ಇಬ್ಬರೂ ಹೂಂ ಅನ್ನಿ” ಎಂದರು. ಇಲ್ಲವೆನ್ನಲು ಇಬ್ಬರಲ್ಲಿ ಯಾರಿಗೂ ದಾರಿಯಿರಲಿಲ್ಲ.

ಆ ಶನಿವಾರ ಬಾಕ್ಸಿಂಗ್ ಹಾಲಿನಲ್ಲಿ ಸೊಳ್ಳೆ ಹೊಗಲೂ ಜಾಗವಿರಲಿಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ಮಾವ ಮೊದಲು ರೇಷ್ಮೆಯ ಕೈ ಹಿಡಿದು ಕೂತರು. ನೋಡಿ ಸಹಿ ಹಾಕಲು ಇಟ್ಟಿಗೆಯ ಕೋಚ್ ಪಕ್ಕದಲ್ಲಿ ಕೂತ. ಆತ ಬಿಳಿ ಅಂಗಿಯ ದಪ್ಪ ಆಸಾಮಿ. ಪೆನ್ನಿನ ಕ್ಯಾಪು ತೆಗೆದು ಸಿದ್ಧವಾಗಿಯೇ ಕೂತವನು, ಮಾವನ ಕೈ ನೋಡುವ ಬದಲು ರೇಷ್ಮೆಯ ಹೊಟ್ಟೆಯನ್ನೇ ನೋಡುತ್ತಿದ್ದ, ಎಷ್ಟು ಮಡಿಕೆ ಬಂದಿದೆ ಎಂದು. ಕ್ಯಾಪನ್ನು ಕೈಗೆ ಸಿಕ್ಕಲ್ಲಿ ಇಟ್ಟ. ಸಿಕ್ಕಿದ್ದು ಮಾವ ಮಡಿಸಿಟ್ಟಿದ್ದ ಹತ್ತಿಬಟ್ಟೆ. ಕ್ಯಾಪೂ ಬಿಳಿ, ಬಟ್ಟೆಯೂ ಬಿಳಿ, ಮಾವನ ಕಣ್ಣಿಗೆ ಇಡೀ ಕೋಣೆಯೇ ಬಿಳಿ. ಬಟ್ಟೆಯ ಅಂಚು ಹಿಡಿದು ಇನ್ನೊಂದು ಮಡಿಕೆ ಹಾಕಿ ಗೆಣ್ಣುಗಳ ಮೇಲಿಟ್ಟು ಟೇಪು ಎಳೆದರು. ಕೋಚ್ ಗತ್ತಿನಿಂದ ಸಹಿ ಹಾಕಿದ.

ಗ್ಲೌಸು ತೊಡಿಸುವ ಮುಂಚೆ ರೆಫರಿ ಬಂದು ಕೈ ಒತ್ತಿ ನೋಡಿದರು. ಮತ್ತೊಮ್ಮೆ ಒತ್ತಿದರು. ಕತ್ತರಿ ತರಿಸಿದರು. ಎಲ್ಲರೆದುರು ಟೇಪು ಬಿಚ್ಚಿದಾಗ ಪೆನ್ನಿನ ಕ್ಯಾಪು ಟಣ್ ಎಂದು ನೆಲಕ್ಕೆ ಬಿತ್ತು.

“ಮೋಸ!” ಎಂದು ಮೊದಲು ಕೂಗಿದವನು ಆ ಕೋಚೇ. “ಇದು ನನ್ನದಲ್ಲ, ನಾನು ಕಣ್ಣು ಮಿಟುಕಿಸದೆ ನೋಡ್ತಿದ್ದೆ!” ಎಂದ. ಅಷ್ಟರಲ್ಲಿ ಅವನ ಜೇಬಿನಲ್ಲಿದ್ದ ಕ್ಯಾಪಿಲ್ಲದ ಪೆನ್ನು ಸೋರಿ ಬಿಳಿ ಅಂಗಿಯ ಮೇಲೆ ರೊಟ್ಟಿಯಗಲ ನೀಲಿ ಕಲೆ ಹರಡಿತ್ತು. ಕೋಣೆಯಲ್ಲಿದ್ದ ಹತ್ತೂ ಜನ ಅದನ್ನು ನೋಡಿದರು, ನೋಡಿ ಗೋಡೆ ನೋಡಿದರು. ಕಾಣದೇ ಇದ್ದದ್ದು ಮಾವನೊಬ್ಬರಿಗೆ. ನಾನು ಬಾಗಿಲ ಹೊರಗಿದ್ದೆ ಎಂದು ಹೇಳಬಹುದು. ಹೊರಗಿರಲಿಲ್ಲ. ನಾನೂ ಗೋಡೆ ನೋಡಿದೆ. ಆ ಕೋಚ್ ಬಹಳ ದಪ್ಪ.

ಪಂದ್ಯ ರದ್ದಾಯಿತು. ಸೋಮವಾರ ವಿಚಾರಣೆ. ರೇಷ್ಮೆ ತಪ್ಪಿತಸ್ಥನಾದರೆ ಅವನಿಗೆ ಆರು ತಿಂಗಳ ನಿಷೇಧ.

ಭಾನುವಾರ ರೇಷ್ಮೆ ಮನೆಗೆ ಬಂದ. ಅಳುತ್ತಾನೆಂದುಕೊಂಡಿದ್ದೆವು. ನಾಲ್ಕು ಬಿಸ್ಕತ್ತು ತಿಂದ.

“ಮಾವ, ನೀವು ತಲೆ ಕೆಡಿಸ್ಕೋಬೇಡಿ. ಆರು ತಿಂಗಳು ತಾನೇ? ಮಂಡಿಗೂ ಸ್ವಲ್ಪ ರೆಸ್ಟ್ ಸಿಗುತ್ತೆ. ಏನೂ ಹೇಳೋದು ಬೇಡ, ಸುಮ್ಮನಿದ್ಬಿಡಿ.”

“ನಿನ್ನ ಮೇಲೆ ಮೋಸಗಾರ ಅಂತ ಬರೀತಾರಲ್ಲೋ!”

“ಬರೀಲಿ. ಅಂಜುಬುರುಕ ಅಂತ ಬರೆಯೋದಕ್ಕಿಂತ ವಾಸಿ ಅಲ್ವಾ?”

ಅವನು ಹೋಗಿ ಹತ್ತು ನಿಮಿಷಕ್ಕೆ ಇಟ್ಟಿಗೆಯ ಫೋನ್. “ಮಾವ, ಸುಮ್ಮನಿದ್ದುಬಿಡಿ. ಅವನ ನಿಷೇಧ ಮುಗಿಯೋದರೊಳಗೆ ನನ್ನ ಬೆನ್ನೂ ಒಂದು ದಾರಿಗೆ ಬರುತ್ತೆ. ಯಾರಿಗೂ ನಷ್ಟ ಇಲ್ಲ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಂಥ ಸೌಹಾರ್ದ ಆ ಇಬ್ಬರ ನಡುವೆ ಹಿಂದೆಂದೂ ಇರಲಿಲ್ಲ. ಸುಮ್ಮನಿದ್ದರೆ ಮಾವನಿಗೂ ಅನುಕೂಲವೇ: ಕಣ್ಣಿನ ಗುಟ್ಟು ಉಳಿಯುತ್ತಿತ್ತು, ಚೀಟಿ ಉಳಿಯುತ್ತಿತ್ತು, ಆಸ್ಪತ್ರೆ ಇನ್ನಾರು ತಿಂಗಳು ದೂರ ಹೋಗುತ್ತಿತ್ತು. ಆದರೆ ಮಾವ ಮಧ್ಯಾಹ್ನವೆಲ್ಲ ಕುರ್ಚಿಯಲ್ಲಿ ಕೂತು ತಮ್ಮದೇ ಎಡಗೈಗೆ ಪಟ್ಟಿ ಸುತ್ತುವುದು, ಬಿಚ್ಚುವುದು, ಸುತ್ತುವುದು ಮಾಡಿದರು.

“ಅವರಿಬ್ಬರು ಏನಾದ್ರೂ ಮಾಡ್ಕೊಳ್ಳಲಿ” ಎಂದರು ಕೊನೆಗೆ. “ನನ್ನ ಪಟ್ಟಿಯೊಳಗಿಂದ ಸಾಮಾನು ಬಿತ್ತಲ್ಲೇ. ಮೂವತ್ತೆಂಟು ವರ್ಷ. ಇನ್ಮೇಲೆ ನಾನು ಯಾರ ಕೈ ಮುಟ್ಟಿದರೂ ಒಳಗೇನಿದೆ ಅಂತ ಕೇಳ್ತಾರೆ.”

“ಹಾಗಾದ್ರೆ ಬಾಯಿ ಬಿಡಿ” ಎಂದರು ಅತ್ತೆ. ಮಾವನೊಡನೆ ಅವರ ಮಾತು ಇಷ್ಟು ಚಿಕ್ಕದಾದದ್ದನ್ನು ನಾನು ಮೊದಲ ಸಲ ಕೇಳಿದೆ.

ಸೋಮವಾರ ಬಾಕ್ಸಿಂಗ್ ಹಾಲಿನ ಅಧ್ಯಕ್ಷರ ಅಂಗಡಿಯ ಕೋಣೆ. ಅಧ್ಯಕ್ಷರದು ಕುರ್ಚಿ-ಮೇಜಿನ ವ್ಯಾಪಾರ. ಹಾಗಾಗಿ ಯಾವುದನ್ನೂ ನಿಂತು ತೀರ್ಮಾನಿಸುವವರಲ್ಲ. ಮಾವ ಎದ್ದು, “ಯಾರೂ ಮೋಸ ಮಾಡಿಲ್ಲ ಸಾರ್. ನನಗೆ ಕಣ್ಣು ಕಾಣಲ್ಲ. ಪೊರೆ ಬಂದು ಎರಡು ವರ್ಷ ಆಯ್ತು, ಮುಚ್ಚಿಟ್ಟಿದ್ದೆ” ಎಂದರು.

ಅಧ್ಯಕ್ಷರು ನಂಬಲಿಲ್ಲ. “ಆ ಗೋಡೆ ಮೇಲೇನು ಬರೆದಿದೆ, ಓದಿ ನೋಡೋಣ.”

“ಗೋಡೆ ಯಾವ ಕಡೆ ಇದೆ ಅಂತ ಹೇಳಿ, ಆಮೇಲೆ ಓದೋಣ.”

ರೇಷ್ಮೆ ನಿರ್ದೋಷಿಯಾದ. ಆರು ವಾರದೊಳಗೆ ಪಂದ್ಯ ನಡೆಯಲೇಬೇಕೆಂದು ಆಜ್ಞೆಯಾಯಿತು. ಬಿಡುಗಡೆಯಾದವನು ಮಾವನನ್ನು ನೋಡಿದ ನೋಟ ಜೈಲಿಗೆ ಹೊರಟವನದಾಗಿತ್ತು. ಮಾವನ ಚೀಟಿಯನ್ನು ಅಧ್ಯಕ್ಷರು ಇಸಿದುಕೊಂಡು ಡ್ರಾಯರಿಗೆ ಹಾಕಿದರು. ಬಾಗಿಲವರೆಗೆ ಮಾವನ ಕೈ ಹಿಡಿದು ನಡೆಸಿದವನು ನಾನು. ಆ ಕೈ ಅಷ್ಟು ಹಗುರ ಎಂದು ನನಗೆ ಗೊತ್ತಿರಲಿಲ್ಲ.

ನೆಪ ಉಳಿದಿರಲಿಲ್ಲವಾಗಿ ಆಪರೇಷನ್ ಆ ವಾರವೇ ಆಯಿತು. ಇಪ್ಪತ್ತು ನಿಮಿಷ. ಹೊರಗೆ ಕೂತ ನಾನು ಅಷ್ಟರಲ್ಲಿ ಎರಡು ಸಲ ತಲೆಸುತ್ತಿ ನರ್ಸಿನ ಕೈಯಿಂದ ನೀರು ಕುಡಿದೆ. ಮಾವ ಕಣ್ಣಿಗೆ ಹಚ್ಚಿದ ಪಟ್ಟಿಯ ಅಂಚನ್ನು ಬೆರಳಿಂದ ಸವರುತ್ತ ಬಂದು, “ಟೇಪು ಅಡ್ಡ ಹಾಕಬೇಕಿತ್ತು. ಕಲಿತಿಲ್ಲ ಪಾಪ” ಎಂದರು.

ಎರಡು ವಾರದ ಮೇಲೆ ಇಟ್ಟಿಗೆಯೂ ರೇಷ್ಮೆಯೂ ಮಾವನನ್ನು ನೋಡಲು ಬೇರೆಬೇರೆಯಾಗಿ ಹೊರಟವರು ನಮ್ಮ ಬಾಗಿಲಲ್ಲೇ ಎದುರಾದರು. ಮುಂದೂಡುವುದಕ್ಕೆ ಏನಾದರೂ ಉಪಾಯ ಕೇಳಲು ಬಂದಿದ್ದರೆಂದು ನನ್ನ ಗುಮಾನಿ. ಕಪ್ಪು ಕನ್ನಡಕ ತೆಗೆದು ಮಾವ ಇಬ್ಬರನ್ನೂ ದಿಟ್ಟಿಸಿದರು. ಎರಡು ವರ್ಷದಿಂದ ಅವರನ್ನು ಕೈಬೆರಳಿಂದಷ್ಟೇ ನೋಡಿದ್ದರಲ್ಲ.

“ಅಯ್ಯೋ, ಏನ್ರೋ ಇದು! ನಿನ್ನ ಕೂದಲೆಲ್ಲಾ ಎಲ್ಲಿ? ನಿನಗೆ ಗಡ್ಡ ಯಾವಾಗ ನೆರೀತು?”

ಒಬ್ಬ ತಲೆ, ಇನ್ನೊಬ್ಬ ಗಡ್ಡ ಸವರಿಕೊಂಡ. ಇಟ್ಟಿಗೆ ಮೆಲ್ಲಗೆ ಹೇಳಿದ: “ನಿಜ ಹೇಳ್ಬೇಕಂದ್ರೆ ಮಾವ, ಇವನಿಗೆ ಇನ್ನೊಂದು ವರ್ಷ ವಯಸ್ಸಾಗ್ಲಿ ಅಂತ ಕಾಯ್ತಿದ್ದೆ.”

“ನಾನೂ ಅಷ್ಟೇ” ಎಂದ ರೇಷ್ಮೆ.

“ಹಾಗಾದ್ರೆ ಇಬ್ಬರೂ ಗೆದ್ರಿ ಬಿಡ್ರಪ್ಪಾ” ಎಂದರು ಮಾವ. “ಒಳಗೆ ಬನ್ನಿ, ಚಹಾ ಕುಡೀರಿ.”

ಮರುದಿನ ಬೆಳಿಗ್ಗೆ ಡಾಕ್ಟರ ಸರ್ಟಿಫಿಕೇಟು ಹಿಡಿದು ಮಾವ ಅಧ್ಯಕ್ಷರ ಕೋಣೆಗೆ ಹೊರಟರು, ಹಿಂದೆ ನಾನು. ಅಧ್ಯಕ್ಷರು ಕಾಗದ ಓದಿ, “ಸಂತೋಷ. ಈಗ ಪಂದ್ಯದ ಗಡಿಬಿಡಿ. ಮುಂದೆ ಸಮಯ ನೋಡಿ ಚೀಟಿ ಕೊಡೋಣ” ಎಂದರು.

ಹಿಂದಿನ ಮಾವನಾಗಿದ್ದರೆ ಆ ಮಾತಿಗೆ ತಲೆದೂಗಿ ಎದ್ದು ಬರುತ್ತಿದ್ದರು. ಈಗಿನವರು, “ನನ್ನ ಕೈ ಹೇಗಿದೆ ಅಂತಾದ್ರೂ ನೋಡಿ ಸಾರ್, ಬಲಗೈ ಕೊಡಿ” ಎಂದು ಚೀಲದಿಂದ ಪಟ್ಟಿ ತೆಗೆದರು. ಅಧ್ಯಕ್ಷರು ಕುತೂಹಲಕ್ಕೆ ಕೈ ಚಾಚಿದರು. ಮೂರು ಸುತ್ತು, ಒಂದು, ಒಂದೊಂದು, ಮೆತ್ತೆ, ಟೇಪು. ಐದು ನಿಮಿಷದಲ್ಲಿ ಅಧ್ಯಕ್ಷರ ಮುಷ್ಟಿ ಸಣ್ಣ ಕುಂಬಳಕಾಯಿಯಷ್ಟಾಯಿತು.

“ಭಲೇ! ಸರಿ, ಬಿಚ್ಚಿ.”

“ಬಿಚ್ಚೋಣ ಸಾರ್, ಸಮಯ ಬರಲಿ” ಎಂದು ಮಾವ ಕತ್ತರಿಯನ್ನು ಜೇಬಿಗಿಟ್ಟು ಕೂತರು. ಹೊರಗೆ ಅಧ್ಯಕ್ಷರ ಮೂವರು ಗಿರಾಕಿಗಳು ಕಾಯುತ್ತಿದ್ದರು. ಹನ್ನೊಂದು ನಿಮಿಷದ ಮೇಲೆ ಅಧ್ಯಕ್ಷರು ಎಡಗೈಯಲ್ಲಿ ಡ್ರಾಯರು ಎಳೆದು, ಎಡಗೈಯಲ್ಲೇ ಸೊಟ್ಟಂಬಟ್ಟ ಸಹಿ ಹಾಕಿ ಚೀಟಿ ಕೊಟ್ಟರು.

ಪಂದ್ಯದ ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಮಾವ ನಾಲ್ಕೂ ಕೈಗೆ ಪಟ್ಟಿ ಸುತ್ತಿದರು. ನೋಡಲು ಬಂದ ಕೋಚ್ ಈ ಸಲ ಕಪ್ಪು ಅಂಗಿ ತೊಟ್ಟಿದ್ದ. ಸಹಿಯಾಯಿತು. ಹೊರಗೆ ಜನ ಕೂಗುತ್ತಿದ್ದರು. ರೇಷ್ಮೆ ಎದ್ದು ಎರಡು ಹೆಜ್ಜೆ ಇಟ್ಟು ಮತ್ತೆ ಬಂದು ಬೆಂಚಿನ ಮೇಲೆ ಕೂತ.

“ಮಾವ, ಎಡಗೈ ಯಾಕೋ ಸ್ವಲ್ಪ ಸಡಿಲ ಅನ್ನಿಸ್ತಿದೆ. ಬಿಚ್ಚಿ ಇನ್ನೊಂದು ಸಲ ಸುತ್ತಿಬಿಡಿ.”

ಮಾವ ಆ ಕೈಯನ್ನು ದೀಪದ ಕೆಳಗೆ ಹಿಡಿದು ಬೆರಳಿಂದ ಮುಟ್ಟದೆ, ಕಣ್ಣಲ್ಲೇ ನಿಧಾನವಾಗಿ ಒಂದು ಸುತ್ತು ನೋಡಿದರು.

“ಸರಿಯಾಗೇ ಇದೆ. ನನಗೀಗ ಕಾಣುತ್ತೆ. ನಡಿ.”