ನಡುಗಡ್ಡಿ ಪಕ್ಷದ ಸರ್

ಚುನಾವಣೆ ಘೋಷಣೆಯಾಯಿತೆಂದರೆ ಸಾಕು, ನಮ್ಮ ಮಗದುಮ್ ಸರ್ ಬಣ್ಣ ಬಿಟ್ಟುಬಿಡುತ್ತಿದ್ದರು. ಬಿಳಿ ಅಂಗಿ, ಬೂದಿ ಬಣ್ಣದ ಪ್ಯಾಂಟು, ಕಿಸೆಯಲ್ಲಿ ಬಿಳಿ ಕರವಸ್ತ್ರ. ಕೇಸರಿ, ಹಸಿರು, ನೀಲಿ, ಕೆಂಪು ಯಾವುದೂ ಮೈಮೇಲೆ ಸುಳಿಯುವಂತಿರಲಿಲ್ಲ. ತಮ್ಮ ಮೈಗಷ್ಟೇ ಈ ನಿಯಮ ಇದ್ದಿದ್ದರೆ ಬೇರೆ ಮಾತು. ಹೆಂಡತಿಯ ಹಸಿರು ಸೀರೆಯನ್ನೂ ಮತದಾನ ಮುಗಿಯುವವರೆಗೆ ಅಂಗಳದ ತಂತಿಯ ಮೇಲೆ ಒಣಹಾಕಲು ಬಿಡುತ್ತಿರಲಿಲ್ಲ. ಆಕೆಯನ್ನು ನಾವು ಅಕ್ಕಾರು ಎನ್ನುತ್ತಿದ್ದೆವು. “ನಿಮ್ಮ ಸರ್‌ಗ ಹುಚ್ಚು ಹಿಡದೈತಿ ನೋಡವಾ ಸುರೇಖಾ. ನನ್ನ ಸೀರಿ ಯಾರಿಗಿ ಓಟ್ ಕೇಳಾಕ ಹೊಂಟೈತಿ?” ಎಂದು ಅಕ್ಕಾರು ನನ್ನ ಮುಂದೆಯೇ ಬೈದದ್ದುಂಟು. ಸರ್ ಕೇಳಿಸದವರ ಹಾಗೆ ಚಹಾ ಹೀರುತ್ತಿದ್ದರು.

ಸರ್ ರಾಯಬಾಗದಲ್ಲಿ ನಮಗೆ ಪಿಯುಸಿಗೆ ರಾಜ್ಯಶಾಸ್ತ್ರ ಕಲಿಸಿದವರು. ರಾಜ್ಯಶಾಸ್ತ್ರವನ್ನು ನಮ್ಮ ಕಡೆ ಕಲಿಸುವುದು ಹುಡುಗಾಟವಲ್ಲ. ಕ್ಲಾಸಿನಲ್ಲಿ ಅರ್ಧ ಮಂದಿ ಮನೆಯಲ್ಲಿ ಮರಾಠಿ ಆಡುವವರು, ಅರ್ಧ ಮಂದಿ ಕನ್ನಡ. ಅದರ ಮೇಲೆ ಒಬ್ಬೊಬ್ಬರ ಅಪ್ಪನದು ಒಂದೊಂದು ಪಾರ್ಟಿ. ಟ್ರ್ಯಾಕ್ಟರ್ ಇದ್ದ ಕಬ್ಬಿನ ಮನೆತನದ ಬಾಬು ಒಂದು ಕಡೆ, ಹೊಳೆದಂಡೆಯ ಊರಿನಿಂದ ಎಮ್ಮೆ ಹಾಲು ಹಾಕಿ ಕಾಲೇಜಿಗೆ ಬರುತ್ತಿದ್ದ ಮಾದೇವ ಇನ್ನೊಂದು ಕಡೆ. ‘ರಾಜಕೀಯ ಪಕ್ಷಗಳು’ ಪಾಠ ಶುರುವಾದ ದಿನ ಸರ್ ಅಪ್ಪಿತಪ್ಪಿ, “ಒಂದು ಪಕ್ಷದ ಉದಾಹರಣೆ ಕೊಡ್ರಿ,” ಎಂದು ಕೇಳಿಬಿಟ್ಟರು. ಬಾಬು ಒಂದು ಹೆಸರು ಹೇಳಿದ. ಮಾದೇವ, “ಅದೂ ಒಂದು ಪಕ್ಷ ಏನಲೇ?” ಎಂದ. ಆಮೇಲೆ ಆದದ್ದನ್ನು ಏನು ಹೇಳಲಿ! ಬೆಂಚಿನ ಕಾಲು ಮುರಿಯಿತು, ಬಾಬುವಿನ ಅಂಗಿಯ ತೋಳು ಹರಿಯಿತು, ಪಾಪ, ನಡುವೆ ಬಿಡಿಸಲು ಹೋದ ಸರ್ ಚಷ್ಮಾ ಸೊಟ್ಟಗಾಯಿತು.

ಆ ಪಾಠ ಬಿಟ್ಟುಬಿಡಿ ಎಂದು ಪ್ರಿನ್ಸಿಪಾಲರು ಹೇಳಿದರಂತೆ. ಸರ್ ಬಿಡಲಿಲ್ಲ. ಮರುದಿನ ಜಗತ್ತಿನ ನಕಾಶೆ ತಂದು ಗೋಡೆಗೆ ತೂಗುಹಾಕಿದರು. ಅಮೆರಿಕ ಖಂಡಗಳ ನಡುವಿನ ಕೆರಿಬಿಯನ್ ಸಮುದ್ರದಲ್ಲಿ, ಎಳ್ಳಿನಷ್ಟು ಕಾಣುವ ಒಂದು ಚುಕ್ಕೆಯ ಮೇಲೆ ಕೋಲು ಇಟ್ಟರು.

“ಇದೊಂದು ನಡುಗಡ್ಡಿ. ಇಲ್ಲೊಂದು ಸಣ್ಣ ಪಕ್ಷ ಐತಿ. ಇವತ್ತಿಂದ ಎಲ್ಲಾ ಉದಾಹರಣಿ ಇದರದ.”

“ಇದನ್ಯಾಕ್ರೀ ಸರ್?” ನಾನೇ ಕೇಳಿದೆ.

“ಅಲ್ಲಿಗಿ ನಮ್ಮವ್ರು ಯಾರೂ ಹೆಣ್ಣು ಕೊಟ್ಟಿಲ್ಲ, ಅಲ್ಲಿಂದ ಯಾರೂ ಸೊಸಿ ತಂದಿಲ್ಲ. ಅದಕ್ಕ!”

ಆ ಪಕ್ಷದ ಹೆಸರು ಪರದೇಶದ ಭಾಷೆಯದು, ಉದ್ದ, ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ. ನಾವು ನಡುಗಡ್ಡಿ ಪಕ್ಷ ಎಂದೆವು. ಸರ್ ನಡುಗಡ್ಡಿ ಸರ್ ಆದರು. ಆ ದ್ವೀಪಕ್ಕೆ ತನ್ನದೇ ಸರ್ಕಾರವಿದೆ, ಆದರೆ ಸೈನ್ಯ, ವಿದೇಶಾಂಗ ಎಲ್ಲ ದೂರದ ದೊಡ್ಡ ದೇಶದ ಕೈಯಲ್ಲಿ ಎಂಬುದು ನಮ್ಮ ತಲೆಗೆ ಹೋಗಲಿಲ್ಲ. ಸರ್ ಹೇಳಿದರು: “ಮಗಾ ಬ್ಯಾರಿ ಆಗ್ಯಾನ. ಒಲಿ ಬ್ಯಾರಿ ಹೂಡ್ಯಾನ. ಆದ್ರ ಹೊಲದ ಕಾಗದಾ, ಉತಾರಾ, ಇನ್ನೂ ಅಪ್ಪನ ಹೆಸರಿನ್ಯಾಗ ಐತಿ. ತಿಳೀತಿಲ್ಲೊ?” ತಿಳಿಯದೆ ಏನು, ಅಂಥ ಮನೆಗಳು ಪ್ರತಿ ಓಣಿಯಲ್ಲೂ ಇದ್ದವು.

ಪಕ್ಷ ಮಧ್ಯ-ಬಲಪಂಥದ್ದು ಎಂದಾಗ ಮತ್ತೆ ಎಲ್ಲರೂ ಬಾಯಿ ತೆರೆದು ಕುಳಿತೆವು. “ಚಿಕ್ಕೋಡಿ ಬಸ್ ಹತ್ತೀರಲಾ? ಡ್ರೈವರ್ ಕಡೀದು ಬಲ, ಬಾಗಲಾ ಕಡೀದು ಎಡ. ಈ ಪಕ್ಷ ಬಲಗಡೆ ಐತಿ, ಆದ್ರ ಕಿಡಕಿಗಿ ಹೋಗಿ ಅಂಟ್ಕೊಂಡಿಲ್ಲ. ನಡುವಿನ ದಾರಿಗಿ ಹತ್ತಿ ಕುಂತೈತಿ. ಅಂಗಡಿಕಾರರ ಮ್ಯಾಲ ತೆರಿಗಿ ಕಮ್ಮಿ ಹಾಕ್ರಿ ಅಂತೈತಿ. ಸರಕಾರ ಎಲ್ಲಾದ್ರಾಗೂ ಕೈ ಹಾಕಬ್ಯಾಡ ಅಂತೈತಿ. ಹಳೇ ಮನಿ ಕೆಡವಬ್ಯಾಡ್ರಿ, ಸೋರೂ ಹಂಚಷ್ಟ ಬದಲ ಮಾಡ್ರಿ ಅಂತೈತಿ.” ಹೀಗೆ ಹೊಗಳಿದ ಮರುಗಳಿಗೆಯೇ, ಆ ಪಕ್ಷ ಬಡವರ ಮಾತನ್ನು ಎಲ್ಲಿ ಕಿವಿಗೆ ಹಾಕಿಕೊಳ್ಳಲಿಲ್ಲ ಎಂಬುದನ್ನೂ ಹೇಳುತ್ತಿದ್ದರು. ಬಾಬು ಪಕ್ಷದ ಪರ, ಮಾದೇವ ವಿರುದ್ಧ. ಇಬ್ಬರೂ ಒಂದು ತಾಸು ವಾದ ಮಾಡಿ, ಆಮೇಲೆ ಒಂದೇ ಸೈಕಲ್ ಮೇಲೆ ಬಸ್‌ಸ್ಟ್ಯಾಂಡಿಗೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ.

ಪರೀಕ್ಷೆಯಲ್ಲಿ ಮಾದೇವ ಏನು ಬರೆದ ಗೊತ್ತೇ? ‘ಕೃಷ್ಣಾ ನದಿಯ ನಡುಗಡ್ಡೆಯಲ್ಲಿ ಒಂದು ಸಣ್ಣ ಪಕ್ಷವಿದೆ. ಮಹಾಪೂರ ಬಂದಾಗ ಅದು ಅಧಿಕಾರ ಕಳೆದುಕೊಳ್ಳುತ್ತದೆ.’ ಹೊಳೆದಂಡೆಯವನಿಗೆ ನಡುಗಡ್ಡೆ ಎಂದರೆ ಕೃಷ್ಣೆಯದೇ! ಅವನ ಮಾವನ ಹೊಲ ಅಂಥದೊಂದರ ಮೇಲೆಯೇ ಇತ್ತು. ಸರ್ ಅದನ್ನು ಓದಿ, ಕಣ್ಣೀರು ಬರುವ ತನಕ ನಕ್ಕು, ಒಂದು ಅಂಕ ಕೊಟ್ಟರು. “ಭೂಗೋಳ ತಪ್ಪೈತಿ, ರಾಜಕೀಯ ಬರೋಬ್ಬರಿ ಐತಿ,” ಎಂದರು.

ಬರುಬರುತ್ತಾ ಸರ್‌ಗೆ ಆ ಪಕ್ಷದ ಮೇಲೆ ನಿಜವಾಗಿಯೂ ಜೀವ ಹತ್ತಿಬಿಟ್ಟಿತು. ರವಿವಾರ ಚಿಕ್ಕೋಡಿಗೆ ಹೋಗಿ ಇಂಟರ್‌ನೆಟ್ ಅಂಗಡಿಯಲ್ಲಿ ಕುಳಿತು ಅದರ ಸುದ್ದಿ ಓದುತ್ತಿದ್ದರು. ಒಮ್ಮೆ ಸೋಮವಾರ ಕ್ಲಾಸಿಗೆ ಪೇಢೆಯ ಪೊಟ್ಟಣ ಹಿಡಿದು ಬಂದರು. ಕಾಲೇಜಿನ ಸಿಪಾಯಿ ಕಾಕಾ ಕೇಳಿದ: “ಏನ್ರೀ ಸರ್, ಏನ್ ವಿಶೇಷ?”

“ಒಂದು ಸೀಟ್ ಬಂತಪಾ!”

“ಮಗಳಿಗೇನ್ರಿ? ಮೆಡಿಕಲ್ಲೋ, ಇಂಜಿನಿಯರಿಂಗೋ?”

ಸರ್‌ಗೆ ಮಗಳೇ ಇರಲಿಲ್ಲ. ಅವರು ನಗುತ್ತಾ ಅವನ ಕೈಗೆ ಎರಡು ಪೇಢೆ ಇಟ್ಟರು.

ನಮ್ಮ ಊರಿನ ಚುನಾವಣೆಯಲ್ಲಿ ಮಾತ್ರ ಸರ್ ಯಾರಿಗೆ ಮತ ಹಾಕುತ್ತಾರೆ ಎಂಬುದು ಅಕ್ಕಾರಿಗೂ ಗೊತ್ತಿರಲಿಲ್ಲ. ನಾನು ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ. ಸರ್ ಸಿಟ್ಟಾಗಲಿಲ್ಲ. “ಒಂದು ಸಲ ಹೇಳಿದ್ನಿ ಅಂದ್ರ ಅರ್ಧಾ ಕ್ಲಾಸು ನನ್ನ ಮಾತು ಕೇಳೂದ ಬಿಡ್ತೈತಿ ಸುರೇಖಾ. ಆಮ್ಯಾಲ ನಾ ಮಾಸ್ತರ ಅಲ್ಲ, ಬರೇ ಒಂದು ಓಟು.” ಆ ದಿನ ಅವರ ದನಿ ಮೆತ್ತಗಿತ್ತು. ಇದು ತಮಾಷೆಯಲ್ಲ, ಅವರ ಬದುಕೇ ಇದರ ಮೇಲೆ ನಿಂತಿದೆ ಎಂದು ನನಗೆ ಹೊಳೆದದ್ದು ಆಗಲೇ.

ಸರ್ ನಿವೃತ್ತರಾಗುವ ಹೊತ್ತಿಗೆ ಬಾಬು, ಮಾದೇವ ಇಬ್ಬರೂ ಎದುರುಬದುರು ಪಾರ್ಟಿಗಳಲ್ಲಿ ಪುಢಾರಿಗಳಾಗಿದ್ದರು. ನಾನು ಅಥಣಿ ಕಡೆ ಶಾಲೆಯೊಂದರಲ್ಲಿ ಶಿಕ್ಷಕಿ. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಸರ್‌ಗೆ ಸತ್ಕಾರ ಇಟ್ಟುಕೊಂಡೆವು. ಬಾಬು ತನ್ನ ಪಾರ್ಟಿಯ ದೊಡ್ಡ ಸಾಹೇಬರನ್ನು ಕರೆತಂದಿದ್ದ. ಹಾರ ಹಾಕಿ, ತಲೆಗೆ ಫೇಟಾ ಸುತ್ತಿದ್ದೂ ಆಯಿತು. ಸಾಹೇಬರು ಮೈಕ್ ಹಿಡಿದು, ಯಾರನ್ನೂ ಕೇಳದೆ, “ಇವತ್ತಿಂದ ಮಗದುಮ್ ಸರ್ ನಮ್ಮ ಪಕ್ಷದಾಗ ಬಂದಾರ!” ಎಂದು ತಮ್ಮ ಪಾರ್ಟಿಯ ಶಲ್ಯೆಯನ್ನು ಸರ್ ಕೊರಳಿಗೆ ಹಾಕಿಯೇಬಿಟ್ಟರು. ಹಿಂದೆ ಕುಳಿತಿದ್ದ ಮಾದೇವ ಎದ್ದು ನಿಂತ. ಅವನ ಜೊತೆ ಅರ್ಧ ಸಭೆಯೂ ಎದ್ದಿತು. ಸರ್ ಇಷ್ಟು ವರ್ಷ ಜೀವಕ್ಕಿಂತ ಹೆಚ್ಚಾಗಿ ಕಾಪಾಡಿಕೊಂಡದ್ದು ಒಂದು ಗಳಿಗೆಯಲ್ಲಿ ಹೋಗುವುದರಲ್ಲಿತ್ತು.

ಸರ್ ಶಲ್ಯೆಯನ್ನು ಅವಸರವಿಲ್ಲದೆ ತೆಗೆದು, ನೀಟಾಗಿ ನಾಲ್ಕು ಮಡಿಕೆ ಮಾಡಿ, ಎರಡೂ ಕೈಯಿಂದ ಸಾಹೇಬರಿಗೆ ವಾಪಸು ಕೊಟ್ಟರು.

“ತಪ್ಪ ತಿಳ್ಕೋಬ್ಯಾಡ್ರಿ ಸಾಹೇಬ್ರ. ನಾ ಮೊದ್ಲ ಒಂದು ಪಕ್ಷದಾಗ ಅದೀನ್ರಿ. ಈ ವಯಸ್ಸಿನ್ಯಾಗ ಪಕ್ಷಾಂತರ ಮಾಡಿದ್ರ ಹುಡುಗೂರು ನಗತಾರ.”

ಎದ್ದು ನಿಂತಿದ್ದ ಮಾದೇವನೇ ಹಿಂದಿನಿಂದ ಕೂಗಿದ: “ನಡುಗಡ್ಡಿ ಪಕ್ಷಕ್ಕ!” ಇಡೀ ಸಭೆ, ಬಾಬುವಿನ ಕಡೆಯವರೂ ಸೇರಿ, “ಜೈ!” ಎಂದಿತು. ಸಾಹೇಬರು ಕಕ್ಕಾಬಿಕ್ಕಿಯಾಗಿ ಬಾಬುವನ್ನು ಕೇಳಿದರು: “ಯಾವ್ದೋ ಅದು ಪಾರ್ಟಿ?” ಬಾಬು ತಲೆ ಕೆರೆದುಕೊಂಡು, “ಹೊರಗಿಂದ್ರಿ ಸಾಹೇಬ್ರ,” ಎಂದ. “ಹೊರಗಿಂದಂದ್ರ? ಮಹಾರಾಷ್ಟ್ರದ್ದೇನು?”

ನಾನು ಸರ್ ಅವರನ್ನು ಕೊನೆಯ ಸಲ ನೋಡಿದ್ದು ಮತಗಟ್ಟೆಯಲ್ಲಿ. ಚುನಾವಣೆ ಡ್ಯೂಟಿಯ ಮೇಲೆ ನನ್ನನ್ನು ರಾಯಬಾಗ ಕಡೆಗೇ ಹಾಕಿದ್ದರು. ಬೆರಳಿಗೆ ಶಾಯಿ ಹಚ್ಚುವ ಕೆಲಸ ನನ್ನದು. ಏಜಂಟರ ಬೆಂಚಿನ ಈ ತುದಿಗೆ ಬಾಬು, ಆ ತುದಿಗೆ ಮಾದೇವ. ಮಧ್ಯಾಹ್ನ ಸರ್ ಬಿಳಿ ಅಂಗಿಯಲ್ಲಿ ಕೋಲೂರಿಕೊಂಡು ಬಂದರು. ನನ್ನ ಮುಂದೆ ಬಲಗೈ ಚಾಚಿದರು.

“ಎಡಗೈ ಕೊಡ್ರಿ ಸರ್.”

“ಎಡಗೈನ ಬೇಕೇನವಾ? ನನ್ನ ಪಕ್ಷ ಬಲಗಡೆ ಐತಲ್ಲಾ!”

“ನಿಯಮ ಹಂಗೈತ್ರಿ.”

“ಹಂಗಾರ ಹಚ್ಚವಾ. ನಿಯಮ ಮುರೀಬಾರ್ದು.”

ನನಗೆ ಅಕ್ಷರ ಕಲಿಸಿದ ಕೈ ಅಲ್ಲ ಅದು, ವಿವೇಕ ಕಲಿಸಿದ ಕೈ. ಹಗುರಾಗಿತ್ತು. ಶಾಯಿ ಹಚ್ಚುವಾಗ ನನ್ನ ಕಣ್ಣು ತುಂಬಿತು, ಯಾಕೋ ಗೊತ್ತಿಲ್ಲ. ಸರ್ ಮರೆಗೆ ಹೋದರು. ಯಂತ್ರ ಕುಂಯ್ ಎಂದಿತು. ಬಾಬು, ಮಾದೇವ ಇಬ್ಬರೂ ಕುತ್ತಿಗೆ ಉದ್ದ ಮಾಡಿ ಕುಳಿತಿದ್ದರು. ಸರ್ ಹೊರಬಂದು ಅವರ ಬೆಂಚಿನ ಮುಂದೆ ಒಂದು ಗಳಿಗೆ ನಿಂತು, ಈ ತುದಿಗೂ ಆ ತುದಿಗೂ ನೋಡಿ ನಕ್ಕು, ಕೋಲೂರುತ್ತಾ ಹೋದರು.

ಎರಡು ತಿಂಗಳಾದ ಮೇಲೆ ಸರ್ ತೀರಿಕೊಂಡ ಸುದ್ದಿ ಬಂತು. ನಾನು ಹೋದಾಗ ಬಾಬು, ಮಾದೇವ ಇಬ್ಬರೂ ಅಂಗಳದ ಒಂದೇ ಜಮಖಾನೆಯ ಮೇಲೆ ಕುಳಿತು ಬಂದವರಿಗೆ ನೀರು ಕೊಡುತ್ತಿದ್ದರು. ಬಾಬು ನನ್ನನ್ನು ಬಾಗಿಲ ಬಳಿ ಕರೆದು ಮೆಲ್ಲಗೆ ಹೇಳಿದ: “ಸುರೇಖಾ, ಸರ್ ಆವತ್ತು ನಮಗ ಹಾಕ್ಯಾರ. ಹೊರಗ ಬರೂಮುಂದ ನನ್ನ ನೋಡಿ ನಕ್ಕಾರ. ನೀ ನೋಡೀಯಿಲ್ಲೊ?” ಹೌದು, ನೋಡೀನಿ ಎಂದೆ. ಕೈಕಾಲು ತೊಳೆಯಲು ನಳದ ಹತ್ತಿರ ಹೋದರೆ ಮಾದೇವ ಬಂದ. ಅವನ ಕಣ್ಣು ಕೆಂಪಾಗಿತ್ತು. “ಯಾರಿಗೂ ಹೇಳಬ್ಯಾಡ. ಸರ್ ನಮ್ಮವ್ರು. ಬೂತಿನ್ಯಾಗ ನನ್ನ ನೋಡಿ ನಕ್ರು, ಹೌದಿಲ್ಲೊ?”

ಅವನಿಗೂ ಹೌದು ಎಂದೆ. ಇಬ್ಬರಿಗೂ ನಾನು ಸುಳ್ಳು ಹೇಳಲಿಲ್ಲ.