ಬೆನ್ನಣ್ಣ ಮಗಳನ್ನು ಸಮುದ್ರಕ್ಕೆ ಕರೆದೊಯ್ದದ್ದು

ಬೆನ್ನಣ್ಣ ಹೋಗಿ ಇನ್ನೂ ತಿಂಗಳು ತುಂಬಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ವಾರವೆಲ್ಲ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ನಾನು ಬಾಗಿಲಲ್ಲಿ ನಿಂತರೆ ಕಾಣುತ್ತಿದ್ದದ್ದು ಅವನ ಬೆನ್ನು.

‘ಏನೋ, ಇಲ್ಲೂ ಅದೇ ಪಾತ್ರಾನಾ?’ ಅನ್ನುತ್ತಿದ್ದೆ.

‘ಬೇರೆ ಯಾರು ಕೊಡ್ತಾರೋ ನಂಗೆ’ ಅನ್ನುತ್ತಿದ್ದ, ತಿರುಗದೆ. ದನಿ ಸೋತುಹೋಗಿತ್ತು. ತಮಾಷೆ ಮಾತ್ರ ಹಾಗೇ ಇತ್ತು.

ನಾವಿಬ್ಬರೂ ಸಿನಿಮಾದಲ್ಲಿ ಜೂನಿಯರ್ ಆರ್ಟಿಸ್ಟುಗಳು. ನಾಯಕ ನಾಯಕಿ ಮಾತಾಡುವಾಗ ಅವರ ಹಿಂದೆ ರಸ್ತೆ ದಾಟುವವರು, ಹೋಟೆಲಿನಲ್ಲಿ ಖಾಲಿ ಲೋಟ ಎತ್ತಿ ಕುಡಿಯುವವರು, ಗುರುತು ಪರಿಚಯವಿಲ್ಲದ ಹೆಣದ ಮುಂದೆ ತಲೆ ತಗ್ಗಿಸಿ ನಿಲ್ಲುವವರು. ಬೆನ್ನಣ್ಣನ ಭುಜ ಅಗಲ, ಕತ್ತು ನೀಳ. ಇಸ್ತ್ರಿ ಮಾಡಿದ ಶರ್ಟು ತೊಟ್ಟರೆ ಹಿಂದಿನಿಂದ ಯಾವ ಮನೆಯ ಯಜಮಾನ ಬೇಕಾದರೂ ಆಗಬಹುದಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರೋ ನಿರ್ದೇಶಕರು ‘ಆ ಬೆನ್ನು ಚೆನ್ನಾಗಿದೆ, ಅದನ್ನ ಹಾಗೇ ಇಡಿ’ ಅಂದರು. ಅಷ್ಟೇ, ಅದು ಕಾಯಂ ಆಯಿತು, ಹೆಸರೂ ಬೆನ್ನಣ್ಣ ಅಂತಲೇ ಆಯಿತು. ಮುಖವೇನೂ ಕೆಟ್ಟದಾಗಿರಲಿಲ್ಲ ಪಾಪ, ಯಾರೂ ಕೇಳಲಿಲ್ಲ. ಥಿಯೇಟರಿನಲ್ಲಿ ಅವನ ಹೆಂಡತಿ, ನಾನು ಅತ್ತಿಗೆ ಅನ್ನುತ್ತಿದ್ದೆ, ಪಕ್ಕದವರಿಗೆ ‘ನೋಡಿ ನೋಡಿ, ನಮ್ಮನೆಯವರು’ ಅಂತ ತೋರಿಸುವಷ್ಟರಲ್ಲಿ ಅವನು ಯಾವುದೋ ಬಾಗಿಲು ದಾಟಿ ಮಾಯವಾಗಿರುತ್ತಿದ್ದ.

ನಮ್ಮ ಕೆಲಸದಲ್ಲಿ ನಡೆಯುವುದು ಸ್ವಲ್ಪ, ಕಾಯುವುದೇ ಬಹಳ. ನಾನು ಪುಸ್ತಕ ಓದಿ ಕಾಯುವುದನ್ನು ಕಲಿತೆ. ಬೆನ್ನಣ್ಣ ಎಲ್ಲಿ ಬೇಕಾದರೂ ನಿಂತು ಕಾಯುತ್ತಿದ್ದ, ಕೂತರೆ ಶರ್ಟು ಮಡಿಕೆ ಬೀಳುತ್ತದೆಂದು. ಅವನು ಒಂದೇ ಒಂದು ಶಾಟ್ ಕೆಡಿಸಿದ್ದನ್ನೂ ಯಾರೂ ನೋಡಿರಲಿಲ್ಲ. ನಿಲ್ಲು ಅಂದಲ್ಲಿ ನಿಂತ, ತಿರುಗು ಅಂದಾಗ ತಿರುಗಿದ.

ಅವರ ಮನೆ ಬಟ್ಟೆ ಒಗೆಯುವ ಅಂಗಡಿಯ ಮಹಡಿಯ ಮೇಲೆ, ಒಂದು ಕೋಣೆ, ಒಂದು ಅಡುಗೆಮನೆ. ಕೆಳಗಿನ ಹಬೆಯಿಂದ ನೆಲ ಸದಾ ಬೆಚ್ಚಗಿರುತ್ತಿತ್ತು. ಅತ್ತಿಗೆ ಕಿಟಕಿಯ ಪಕ್ಕ ಕೂತು ಕಾರ್ಖಾನೆಯ ಶರ್ಟುಗಳಿಗೆ ಗುಂಡಿ ಹೊಲಿಯುತ್ತಿದ್ದರು. ಮಗಳು ಪುಟ್ಟಿ ಬೀರುವಿಗೂ ಗೋಡೆಗೂ ನಡುವಿನ ಜಾಗದಲ್ಲಿ ಮಲಗುತ್ತಿದ್ದಳು. ಆಗ ಎರಡನೇ ಕ್ಲಾಸು. ಶಾಲೆಯಲ್ಲಿ ಟೀಚರು ‘ರಜದಲ್ಲಿ ಎಲ್ಲಿಗೆ ಹೋಗಿದ್ರಿ, ಚಿತ್ರ ಬರೀರಿ’ ಅಂದಾಗ ನೀಲಿ ಬಳಪ ಸವೆಯುವವರೆಗೆ ಹಾಳೆ ತುಂಬ ಸಮುದ್ರ ಬರೆದುಬಿಟ್ಟಿದ್ದಳು. ಪಕ್ಕದ ಹುಡುಗಿ ‘ನೀರು ಹೆಂಗಿತ್ತು?’ ಎಂದು ಕೇಳಿದಳಂತೆ. ಇವಳಿಗೆ ಉತ್ತರ ಗೊತ್ತಿಲ್ಲ. ಮನೆಗೆ ಬಂದು ಅಪ್ಪನ ಮುಂದೆ ಕಾಲು ಅಪ್ಪಳಿಸಿ ಅತ್ತಳು. ‘ಈ ಸಲ ಗ್ಯಾರಂಟಿ’ ಅಂದ. ಹಿಂದಿನ ಸಲವೂ ಅದನ್ನೇ ಅಂದಿದ್ದ.

ಆಗ ನಮಗೆ ಕೆಲಸ ಕೊಡಿಸುವ ಏಜೆಂಟು ಬಂದು ಹೇಳಿದ: ಸಮುದ್ರದ ದಂಡೆಯಲ್ಲಿ ಒಂದು ದಿನದ ಶೂಟಿಂಗ್, ನಾಯಕ ನಾಯಕಿ ಜಗಳವಾಡುವಾಗ ಹಿಂದೆ ರಜಕ್ಕೆ ಬಂದ ಅಪ್ಪ ಮಗಳು ಆಡುತ್ತಿರಬೇಕು, ಮಗುವನ್ನು ನೀನೇ ತರಬೇಕು. ಬೆನ್ನಣ್ಣ ಕುಣಿಯುವುದೊಂದು ಬಾಕಿ. ಮಗಳಿಗೆ ಕೆಲಸ ಅನ್ನಲಿಲ್ಲ. ‘ರಜಕ್ಕೆ ಹೋಗ್ತಿದ್ದೀವಿ’ ಅಂದ. ನನಗೂ ಅಲ್ಲೊಂದು ಕೆಲಸ ಸಿಕ್ಕಿತ್ತು, ಕೊಡೆಯ ಕೆಳಗೆ ಪುಸ್ತಕ ಓದುತ್ತಾ ಕೂತಿರುವುದು. ಜೀವಮಾನದಲ್ಲಿ ನನಗೆ ಹೇಳಿ ಮಾಡಿಸಿದಂತಿದ್ದ ಪಾತ್ರ ಅದೊಂದೇ.

ಬಸ್ಸಿಳಿದು ದಂಡೆಗೆ ಬಂದ ಕೂಡಲೇ ಪುಟ್ಟಿ ಚಪ್ಪಲಿ ಬಿಚ್ಚಿ ಓಡಿದಳು. ನೀರನ್ನು ಇನ್ನೇನು ಮುಟ್ಟಬೇಕು, ಬಟ್ಟೆ ಅಕ್ಕ ಹಿಂದಿನಿಂದ ರಟ್ಟೆ ಹಿಡಿದರು. ಬಟ್ಟೆ ಅಕ್ಕ ಅಂದರೆ ಇಡೀ ತಂಡದ ಉಡುಪು ನೋಡಿಕೊಳ್ಳುವವರು. ಬಾಯಲ್ಲಿ ಯಾವಾಗಲೂ ನಾಲ್ಕಾರು ಪಿನ್ನು ಇರುತ್ತಿದ್ದವು.

‘ಎಲ್ಲಿಗೆ ಸವಾರಿ? ನಿನಗಿರೋದು ಒಂದೇ ಫ್ರಾಕು, ನಿಮ್ಮಪ್ಪನಿಗಿರೋದು ಒಂದೇ ಪ್ಯಾಂಟು. ಒದ್ದೆ ಮಾಡಿದ್ರೋ, ಇಬ್ಬರನ್ನೂ ಬಟ್ಟೆ ಸಮೇತ ಹಿಂಡಿ ಹಗ್ಗದ ಮೇಲೆ ಹಾಕ್ತೀನಿ.’

ವಿಷಯ ಇಷ್ಟು. ಒಂದೇ ದೃಶ್ಯವನ್ನು ಆ ಕಡೆಯಿಂದ ಈ ಕಡೆಯಿಂದ ಮತ್ತೆ ಮತ್ತೆ ತೆಗೆಯುತ್ತಾರೆ, ಆಮೇಲೆ ಜೋಡಿಸುತ್ತಾರೆ. ಒಂದರಲ್ಲಿ ಒದ್ದೆ ಫ್ರಾಕು, ಇನ್ನೊಂದರಲ್ಲಿ ಒಣ ಫ್ರಾಕು ಇದ್ದರೆ ನೋಡುವವರು ನಗುತ್ತಾರೆ. ಹಾಗಾಗಿ ದೃಶ್ಯ ಮುಗಿಯುವವರೆಗೆ ಯಾರೂ ನೀರು ಮುಟ್ಟುವಂತಿಲ್ಲ. ಮುಗಿದ ಕೂಡಲೇ ಬಸ್ಸು ಹೊರಡುತ್ತದೆ. ಆ ಎರಡರ ನಡುವೆ ಸಿಗುವ ಚೂರು ಹೊತ್ತಿನಲ್ಲಿ ಅವಳನ್ನು ನೀರಿಗೆ ಇಳಿಸುತ್ತೇನೆ ಎಂದು ಬೆನ್ನಣ್ಣ ಲೆಕ್ಕ ಹಾಕಿದ್ದ.

‘ಈಗ್ಲಾ ಅಪ್ಪ?’

‘ಈಗಲ್ಲ ಕಂದ. ಆಮೇಲೆ.’

ನಾಯಕ ಬರುವುದೇ ತಡವಾಯಿತು. ಬಿಸಿಲೇರಿತು. ಮರಳು ಹೆಂಚಿನ ಹಾಗೆ ಕಾದಿತ್ತು. ನಡುವೆ ಯಾರೋ ಪುಟ್ಟಿಯ ಕೈಗೆ ಐಸ್‌ಕ್ರೀಮು ಕೊಟ್ಟು ಹೋದರು. ಒಂದು ಸಲ ನೆಕ್ಕಿದವಳೇ ಮುಖ ಹಿಂಡಿದಳು.

‘ಅಪ್ಪ, ಇದು ಆಲೂಗಡ್ಡೆ!’

ನಿಜವಾದದ್ದು ಬಿಸಿಲಿಗೆ ಕರಗುತ್ತದೆಂದು ಬೇಯಿಸಿದ ಆಲೂಗಡ್ಡೆಯನ್ನು ನುಣ್ಣಗೆ ಅರೆದು ಬಣ್ಣ ಹಾಕಿ ತುಂಬಿದ್ದರು. ಅದನ್ನು ಹಿಡಿದುಕೊಂಡೇ ಅವಳು ನನ್ನ ಕೊಡೆಯ ಕೆಳಗೆ ಬಂದಳು.

‘ಪುಸ್ತಕದ ಮಾಮ, ನಾವೀಗ ರಜದಲ್ಲಿದ್ದೀವಾ, ಕೆಲಸದಲ್ಲಿದ್ದೀವಾ?’

ನಾನು ಯೋಚಿಸಿ, ‘ಹೀರೋ ಬಂದ್ರೆ ಕೆಲಸ. ಬರೋವರೆಗೂ ರಜ’ ಅಂದೆ.

‘ಹಾಗಾದ್ರೆ ಈಗ ರಜ. ನೀರಿಗೆ ಹೋಗ್ಲಾ?’

ನಾನು ಪುಸ್ತಕದ ಪುಟ ತಿರುಗಿಸಿದೆ.

ಕೊನೆಗೆ ನಾಯಕ ಬಂದ. ಬೆನ್ನಣ್ಣನ ಕೆಲಸವೆಂದರೆ ಕ್ಯಾಮೆರಾಕ್ಕೆ ಬೆನ್ನು ಕೊಟ್ಟು ಸಮುದ್ರದ ಕಡೆ ನಡೆಯುವುದು, ಮಗಳನ್ನು ಎತ್ತಿ ಒಂದು ಸುತ್ತು ತಿರುಗಿಸುವುದು, ಹೆಗಲಿಗೆ ಹಾಕಿಕೊಳ್ಳುವುದು. ಅವಳು ಅವನ ಹೆಗಲ ಮೇಲಿಂದ ಈ ಕಡೆ ನೋಡಿ ನಗಬೇಕು. ಕ್ಯಾಮೆರಾ ಮಾತ್ರ ನೋಡಕೂಡದು. ‘ಆ ಗಾಜಿನ ಕಡೆ ಕಣ್ಣು ಹಾಕ್ಬೇಡ, ಮಾಮನ ಪುಸ್ತಕ ನೋಡು’ ಎಂದು ಅವನು ಹೇಳಿಕೊಟ್ಟ. ನಾಯಕಿ ಮಾತು ಮರೆತಳು, ಮತ್ತೆ ತೆಗೆದರು. ನಾಯಕನ ಕೂದಲು ಗಾಳಿಗೆ ಎದ್ದಿತು, ಮತ್ತೆ ತೆಗೆದರು. ಮೋಡ ಬಂತು, ಕಾದರು, ಮತ್ತೆ ತೆಗೆದರು. ಪ್ರತಿ ಸಲವೂ ಬೆನ್ನಣ್ಣ ಮಗಳನ್ನು ಎತ್ತಿ ತಿರುಗಿಸಿದ. ಕೆಲಸವಿಲ್ಲದ ತಿಂಗಳುಗಳಲ್ಲಿ ಗೋದಾಮಿನಲ್ಲಿ ಮೂಟೆ ಹೊತ್ತು ಅವನ ಸೊಂಟ ಹಿಡಿದಿತ್ತು. ಅದು ನನಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಕಟ್ ಅಂದ ಕೂಡಲೇ ಒಂದು ಕೈ ಸೊಂಟಕ್ಕೆ ಹೋಗುತ್ತಿತ್ತು, ಸಹನಿರ್ದೇಶಕ ಈ ಕಡೆ ನೋಡಿದರೆ ಇಳಿಯುತ್ತಿತ್ತು.

‘ಮಗು ನಗ್ಬೇಕು!’ ಎಂದು ಸಹನಿರ್ದೇಶಕ ಮೈಕಿನಲ್ಲಿ ಕೂಗಿದ. ‘ರಜದಲ್ಲಿದ್ದೀರಿ ರೀ, ರಜದಲ್ಲಿ! ಹೆಣ ಹೊತ್ತ ಹಾಗೆ ಹೊರಬೇಡಿ!’

ಬೆನ್ನಣ್ಣ ಅವಳ ಕಿವಿಯಲ್ಲಿ ಏನೇನೋ ಹೇಳಿ ನಗಿಸಿದ. ಹೇಳುವುದೆಲ್ಲ ಮುಗಿದ ಮೇಲೆ ಕಚಗುಳಿ ಇಟ್ಟ. ಕಚಗುಳಿಯೂ ಮುಗಿಯಿತು.

‘ಈಗ್ಲಾ?’ ಅನ್ನುವುದು ಕಡಿಮೆಯಾಗುತ್ತಾ ಬಂತು. ಅವಳು ಬರಿಯ ಹುಬ್ಬು ಎತ್ತುತ್ತಿದ್ದಳು, ಅವನು ಇಲ್ಲವೆಂದು ತಲೆ ಆಡಿಸುತ್ತಿದ್ದ.

ಹೊತ್ತು ಇಳಿದ ಮೇಲೆ ‘ಓಕೆ’ ಅಂದರು. ನಾಯಕಿ ಕಾರಿನ ಕಡೆ ನಡೆದಳು. ಕ್ಯಾಮೆರಾಕ್ಕೆ ಬಟ್ಟೆ ಮುಚ್ಚಿದರು. ರಸ್ತೆಯಲ್ಲಿ ಬಸ್ಸಿನ ಡ್ರೈವರು ಹಾರನ್ ಒತ್ತತೊಡಗಿದ. ಬೆನ್ನಣ್ಣ ಬಟ್ಟೆ ಅಕ್ಕನ ಕಡೆ ನೋಡಿದ. ಅವನ ಸ್ವಂತ ಬಟ್ಟೆ ಬಸ್ಸಿನಲ್ಲಿತ್ತು, ಹೋಗಿ ಬದಲಾಯಿಸಿ ಬರುವಷ್ಟು ಹೊತ್ತಿಲ್ಲ.

‘ಅಕ್ಕಾ, ಮುಗೀತಲ್ಲ...’

‘ನಾನೇನೂ ನೋಡ್ಲಿಲ್ಲಪ್ಪ’ ಎಂದು ಅವರು ಪೆಟ್ಟಿಗೆಯ ಕಡೆ ತಿರುಗಿದರು.

ಅಪ್ಪ ಮಗಳು ಕೈ ಹಿಡಿದು ನೀರಿನ ಕಡೆ ನಡೆದರು. ನೊರೆ ಅವರ ಕಾಲಿನ ಹತ್ತಿರಕ್ಕೆ ಬಂದು ಹಿಂದೆ ಸರಿಯಿತು. ಆಗ ಸಹನಿರ್ದೇಶಕ ಓಡೋಡಿ ಬಂದ.

‘ಏಯ್, ಎಲ್ಲಿಗೆ! ನಿಲ್ಲಿ! ಬೆಳಕು ಚೆನ್ನಾಗಿದೆ, ಆ ಕಡೆಯಿಂದ ಇನ್ನೊಂದು ತೆಗೀಬೇಕಂತೆ ಸಾರ್‌ಗೆ. ಒಣಗೇ ಇದ್ದೀರಲ್ಲ? ಸದ್ಯ! ಬನ್ನಿ ಬನ್ನಿ, ಜಾಗಕ್ಕೆ.’

ಮುಂದೆ ನಡೆದದ್ದನ್ನು ನಾನು ಕೊಡೆ ಮಡಚುತ್ತಾ ನಿಂತಲ್ಲಿಂದ ನೋಡಿದೆ. ಪುಟ್ಟಿ ಅಳಲಿಲ್ಲ, ಹಟ ಮಾಡಲಿಲ್ಲ, ‘ಈಗ್ಲಾ’ ಎಂದೂ ಕೇಳಲಿಲ್ಲ. ಅಪ್ಪನ ಕೈ ಬಿಟ್ಟು, ತಾನೇ ತಿರುಗಿ, ಮರಳಿನಲ್ಲಿ ಗುರುತು ಮಾಡಿದ್ದ ಜಾಗಕ್ಕೆ ಬಂದು ನಿಂತಳು. ಫ್ರಾಕು ಜಗ್ಗಿ ಸರಿಮಾಡಿಕೊಂಡಳು. ಆಮೇಲೆ, ಯಾರೂ ಹೇಳದೆ, ಮುಖಕ್ಕೆ ಆ ನಗುವನ್ನು ತಂದುಕೊಂಡಳು. ಏಳು ವರ್ಷದ ಮಗು, ನುರಿತ ಜೂನಿಯರ್ ಆರ್ಟಿಸ್ಟಿನ ಹಾಗೆ, ನಗುತ್ತಾ ಕಾಯತೊಡಗಿತು.

ಬೆನ್ನಣ್ಣ ಅವಳನ್ನು ನೋಡಿದ. ಸಹನಿರ್ದೇಶಕನನ್ನು ನೋಡಿದ. ಹಿಂದಕ್ಕೆ ಎರಡು ಹೆಜ್ಜೆ ಇಟ್ಟು ನೀರಿನಲ್ಲಿ ಕೂತುಬಿಟ್ಟ.

ಸುಮ್ಮನೆ ಕೂತ, ಕಾಲು ಚಾಚಿಕೊಂಡು. ಒಂದು ಅಲೆ ಬಂದು ಎದೆಯವರೆಗೆ ನೆನೆಸಿತು.

‘ಅಯ್ಯೋ, ಏನಯ್ಯಾ ಮಾಡ್ದೆ!’

‘ಜಾರಿಬಿಟ್ಟೆ ಸಾರ್.’

‘ಎಲ್ಲಿ ಜಾರಿದೆ! ಇಲ್ಲೇನಿದೆ ಜಾರೋದಕ್ಕೆ!’

‘ಒದ್ದೆಯಾಯ್ತಲ್ಲ ಸಾರ್’ ಅಂದ ಬೆನ್ನಣ್ಣ, ಏನೋ ವರದಿ ಒಪ್ಪಿಸುವವನಂತೆ. ‘ಇನ್ನೇನೂ ಮಾಡಕ್ಕಾಗಲ್ಲ.’

ನಮ್ಮ ಕೆಲಸದಲ್ಲಿ ಆಗುವುದಿಲ್ಲ ಅನ್ನಲು ನಮಗೆ ಬಾಯಿ ಇರಲಿಲ್ಲ. ಒದ್ದೆ ಬಟ್ಟೆಯ ಮುಂದೆ ಮಾತ್ರ ನಿರ್ದೇಶಕನೂ ಸುಮ್ಮನಾಗಬೇಕು.

ಪುಟ್ಟಿಯ ನಗು ಆರಿತು. ‘ಅಪ್ಪಾ, ನಿನ್ನ ಬಟ್ಟೆ!’ ಎಂದು ಗಾಬರಿಯಿಂದ ಬಟ್ಟೆ ಅಕ್ಕನ ಕಡೆ ನೋಡಿದಳು.

‘ನನ್ನ ಮುಖ ಯಾಕೆ ನೋಡ್ತೀಯೇ’ ಅಂದರು ಅಕ್ಕ, ಪಿನ್ನು ಕಚ್ಚಿಕೊಂಡೇ. ‘ಹೇಗೂ ನಿಮ್ಮಪ್ಪನ್ನ ಹಿಂಡ್ಬೇಕು, ನಿನ್ನದೇನು ಭಾರ. ಹೋಗು.’

ಅವಳು ಹೋದಳು. ಮೊದಲ ಅಲೆಗೆ ಕಿರುಚಿದಳು, ಎರಡನೆಯದಕ್ಕೆ ಬಿದ್ದಳು, ಎದ್ದು ಬಾಯಿಗೆ ಹೋದ ನೀರು ಉಗಿದು ‘ಥೂ, ಉಪ್ಪು!’ ಎಂದು ಇಡೀ ದಂಡೆಗೆ ಕೇಳುವಂತೆ ಕೂಗಿದಳು. ಬೆನ್ನಣ್ಣ ಅಲ್ಲಿಯೇ ಕೂತಿದ್ದ, ಸಮುದ್ರಕ್ಕೆ ಬೆನ್ನು, ನಮ್ಮ ಕಡೆ ಮುಖ. ಅವನು ನಗುತ್ತಿರಲಿಲ್ಲ. ಕೆಲಸ ಮುಗಿಸಿ ಬಂದು ಕುರ್ಚಿಗೆ ಕುಸಿದವನ ಮುಖ ಅದು. ಕ್ಯಾಮೆರಾಕ್ಕೆ ಮುಚ್ಚಿದ ಬಟ್ಟೆಯನ್ನು ಯಾರೂ ತೆಗೆಯಲಿಲ್ಲ.

ಅದಕ್ಕೆ ತೆತ್ತದ್ದನ್ನೂ ಹೇಳಬೇಕು. ಆ ಕಂಪನಿ ಅವನನ್ನು ಮತ್ತೆ ಕರೆಯಲಿಲ್ಲ. ‘ಬೇಕಂತಲೇ ಶಾಟ್ ಕೆಡಿಸ್ತಾನೆ’ ಎಂದು ಸುದ್ದಿ ಹಬ್ಬಿ ಬೇರೆಯವರೂ ಬಹಳ ಕಾಲ ಕರೆಯಲಿಲ್ಲ. ಅವನು ಗೋದಾಮಿಗೆ ಹೋದ. ಸೊಂಟ ಪೂರ್ತಿ ಕೆಟ್ಟಿತು. ಮುಂದೆ ಸಿನಿಮಾದವರು ಮರೆತು ಮತ್ತೆ ಕರೆದಾಗ ಅವನ ಬೆನ್ನು ಒಂದು ಕಡೆಗೆ ವಾಲಿತ್ತು. ಮುದುಕರ ಗುಂಪಿಗೆ ಹಾಕಿದರು. ಅತ್ತಿಗೆ ತೀರುವವರೆಗೂ ‘ಅವತ್ತು ಜಾರದೇ ಇದ್ದಿದ್ರೆ’ ಅನ್ನುತ್ತಲೇ ಇದ್ದರು. ‘ಮರಳು, ಏನ್ಮಾಡೋದು’ ಅನ್ನುತ್ತಿದ್ದ ಅವನು. ನನ್ನ ಹತ್ತಿರವೂ ಜಾರಿದೆ ಎಂದೇ ಹೇಳಿದ.

ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಅವನ ಬೆನ್ನಿಗೆ ನಾನು ಕೇಳಿದೆ: ‘ಈಗಲಾದ್ರೂ ಹೇಳು ಮಾರಾಯ. ಜಾರಿದ್ಯಾ?’

‘ಪುಟ್ಟಿಗೆ ಏನಾದ್ರೂ ಹೇಳಿದ್ದೀಯಾ?’

‘ಇಲ್ಲ.’

‘ಹೇಳ್ಬೇಡ. ತನ್ನಿಂದ ನನ್ನ ಕೆಲಸ ಹೋಯ್ತು ಅಂದ್ಕೊಳ್ತಾಳೆ.’

ಹಾಗಾಗಿ ಇದನ್ನು ನಾನು ಬರೆಯುವವನೇ ಆಗಿರಲಿಲ್ಲ. ಆದರೆ ಕಳೆದ ವಾರ ಪುಟ್ಟಿ ನಮ್ಮ ಮನೆಗೆ ಬಂದಳು. ಅವಳಿಗೀಗ ತಲೆಯಲ್ಲಿ ಬಿಳಿ ಕೂದಲು, ಶಾಲೆಗೆ ಹೋಗುವ ಮಗನಿದ್ದಾನೆ. ಅವನಿಗೆ ಅಜ್ಜನನ್ನು ತೋರಿಸಲು ಆ ಹಳೆಯ ಸಿನಿಮಾ ಹಾಕಿದ್ದಳಂತೆ. ನಾಯಕ ನಾಯಕಿ ಜಗಳವಾಡುವಾಗ ಹಿಂದೆ ಒಂದು ಅಗಲ ಬೆನ್ನು, ಅದರ ಮೇಲೊಂದು ನಗುವ ಮುಖ, ಬಂತು ಅನ್ನುವಷ್ಟರಲ್ಲಿ ಹೋಯಿತು. ‘ಎಷ್ಟು ಖುಷಿಯಾಗಿದ್ದೀಯಮ್ಮ’ ಅಂದನಂತೆ ಮಗ.

‘ಅದರಲ್ಲಿ ನಾನು ಖುಷಿಯಾಗಿಲ್ಲ ಮಾಮ’ ಅಂದಳು. ‘ಕಾಲು ಸುಡ್ತಿತ್ತು. ಖುಷಿ ಆದದ್ದು ಅದರಲ್ಲಿಲ್ಲ. ನೀವೇ ಬರೆದಿಡಿ, ನೀವು ನೋಡಿದ್ದೀರಲ್ಲ.’

‘ಅವನು ಜಾರಿದ್ದನ್ನಾ?’ ಎಂದೆ, ಮಾತು ಉಳಿಸಿಕೊಳ್ಳಲು.

‘ಸುಮ್ನಿರಿ ಮಾಮ. ಅಲ್ಲಿ ನೆಲ ಮೇಜಿನ ಹಾಗಿತ್ತು.’ ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ‘ನಂಗೆ ಅವತ್ತೇ ಗೊತ್ತಿತ್ತು. ಬಸ್ಸಲ್ಲಿ ಕೇಳಿದ್ದೆ, ಅಪ್ಪಾ, ಮುಂದಿನ ಸಲಾನೂ ಜಾರ್ತೀಯಾ ಅಂತ.’

‘ಏನಂದ?’

‘ಕಿಟಕಿ ಕಡೆ ತಿರುಗಿಕೊಂಡ್ರು. ಬೆನ್ನು ಅಲುಗಾಡ್ತಿತ್ತು. ನಗ್ತಿದ್ರೋ, ಅಳ್ತಿದ್ರೋ, ಬೆನ್ನು ನೋಡಿ ಹೇಗೆ ಹೇಳೋದು? ಇಷ್ಟು ವರ್ಷ ಆದ್ರೂ ಗೊತ್ತಾಗಿಲ್ಲ ನಂಗೆ.’

ಆ ಸಂಜೆ ಬಸ್ಸಿನಲ್ಲಿ ನಾನು ಅವರ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದೆ. ಏನನ್ನೂ ನೋಡಿಲ್ಲ. ಆದರೆ ಬದುಕಿಡೀ ಆ ಬೆನ್ನಿನ ಹಿಂದೆ ನಿಂತು ಕಾದವನು ನಾನು.

‘ನಗ್ತಿದ್ದ’ ಅಂದೆ.